ಕಳ್ಳನ ಹೆಂಡತಿಯನ್ನು ಕೇಳಿದವರಾರು?

‘ಕಳ್ಳನ ಹೆಂಡತಿ ಎಂದಿದ್ದರೂ ಮುಂಡೆ’ ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಾದೆಮಾತನ್ನು ವಿಸ್ತರಿಸಿ ಬರೆಯಿರಿ ಎಂದು ಶಾಲೆಯಲ್ಲಿ ಹೇಳುವಾಗ ಇದನ್ನು ನಾವು ಮಕ್ಕಳಿಗೆ ಕೊಡುವುದಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಕೊಡುತ್ತೇವೆ, ‘ಮಾತು ಬೆಳ್ಳಿ, ಮೌನ ಬಂಗಾರ’ ಕೊಡುತ್ತೇವೆ. ಆದರೆ ಮಕ್ಕಳು ಬಾಯಿಪಾಠವಿಲ್ಲದೆ ಕಲಿಯುವುದು ನಾವು ಕೊಡದ ಗಾದೆಗಳನ್ನೇ. ಈ ಗಾದೆಯನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿರಿ. ಕದ್ದವನು ಗಂಡ. ಹಿಡಿದವರು ಪೊಲೀಸರು. ಶಿಕ್ಷೆ ಕೊಟ್ಟದ್ದು ನ್ಯಾಯಾಲಯ. ಗಾದೆ ಈ ಮೂವರನ್ನೂ ಬಿಟ್ಟು ನೆಟ್ಟಗೆ ಹೆಂಡತಿಯ ಹಣೆಗೆ ಕೈ ಹಾಕುತ್ತದೆ. ತಾಳಿ ಕಟ್ಟಿಸಿಕೊಳ್ಳುವಾಗ ಅವನು ಕಳ್ಳನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೆ ಯಾಕೆ ಒಪ್ಪಿದಳು, ಗೊತ್ತಿಲ್ಲದಿದ್ದರೆ ಮುಚ್ಚಿಟ್ಟವರು ಯಾರು ಎಂಬುದನ್ನು ಗಾದೆ ಕೇಳುವುದಿಲ್ಲ.

ಗಾದೆ ಕೇಳದ ಪ್ರಶ್ನೆಯನ್ನು ಕಥೆ, ನಾಟಕ, ಸಿನೆಮಾಗಳಾದರೂ ಕೇಳಿವೆಯೇ? ಈ ಬರಹದಲ್ಲಿ ನಾನು ನೋಡಬೇಕೆಂದಿರುವುದು ಇಷ್ಟೇ. ಪೊಲೀಸ್ ಠಾಣೆಯ ಪುಸ್ತಕದಲ್ಲಿ ಹೆಸರು ಬಿದ್ದವನ, ಜೈಲು ಕಂಡು ಬಂದವಳ ಪ್ರೀತಿ-ಮದುವೆಗಳ ಕುರಿತು ನಾನು ಓದಿದ ಮತ್ತು ಕಂಡ ಕೆಲವು ಕೃತಿಗಳನ್ನು ಒಂದೇ ಅಳತೆಗೋಲಿನಿಂದ ಅಳೆದಿದ್ದೇನೆ. ಮದುವೆಯಾಗಬೇಕಾದ ಹೆಣ್ಣಿಗೆ ಸಂಗತಿ ಗೊತ್ತಿದೆಯೇ? ತೀರ್ಮಾನ ಅವಳದೇ? ಕಲೆಗಾರಿಕೆಯ ಬೇರೆ ಅಳತೆಗಳು ವಿದ್ವಾಂಸರ ಬಳಿ ಇವೆ. ನಾನು ಹುಮನಾಬಾದಿನಲ್ಲಿ ಹುಟ್ಟಿ ಬಸವಕಲ್ಯಾಣದಲ್ಲಿ ಕಾಲು ಶತಮಾನ ಕನ್ನಡ ಪಾಠ ಹೇಳಿದವಳು. ನಮ್ಮ ಕಡೆ ಶಿಕ್ಷಕಿಯಾದವಳು ಪಾಠದ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಬೇಕಾಗುತ್ತದೆ. ‘ಅಕ್ಕೋರೆ, ನಮ್ಮ ಹುಡುಗಿಗೊಂದು ಛಲೋ ಮನಿ ಇದ್ದರ ಹೇಳ್ರಿ’ ಎಂದು ತಾಯಂದಿರು ಬರುತ್ತಾರೆ. ಆದ್ದರಿಂದ ನನ್ನ ಅಳತೆಗೋಲು ಆ ತಾಯಂದಿರ ಚಿಂತೆಯಿಂದಲೇ ಬಂದದ್ದು.

ಮೊದಲು ಒಂದು ಹಿಂದಿ ಚಿತ್ರವನ್ನು ತೆಗೆದುಕೊಳ್ಳುತ್ತೇನೆ. 1971ರ ‘ದುಶ್ಮನ್’. ನಮ್ಮ ವಯಸ್ಸಿನವರೆಲ್ಲ ದೂರದರ್ಶನದಲ್ಲಿ ಕಂಡದ್ದು. ಕುಡಿದು ಲಾರಿ ಓಡಿಸಿದ ಚಾಲಕನೊಬ್ಬ ಒಬ್ಬ ರೈತನನ್ನು ಕೊಲ್ಲುತ್ತಾನೆ. ಸತ್ತವನ ಮನೆಯಲ್ಲಿಯೇ ಇದ್ದು ಆ ಕುಟುಂಬಕ್ಕೆ ದುಡಿದು ಹಾಕಬೇಕೆಂದು ನ್ಯಾಯಾಧೀಶರು ವಿಚಿತ್ರವಾದ ಶಿಕ್ಷೆ ವಿಧಿಸುತ್ತಾರೆ. ರಾಜೇಶ್ ಖನ್ನಾ ಚಾಲಕ, ಮೀನಾಕುಮಾರಿ ವಿಧವೆ. ಆಕೆಯ ಕಣ್ಣಿನ ದ್ವೇಷ ನಿಧಾನವಾಗಿ ಕರಗುವುದು ಚಿತ್ರದ ಬೆನ್ನೆಲುಬು. ಅದನ್ನು ನೋಡಿ ಅಳದವರು ಕಡಿಮೆ.

ನನ್ನ ಪ್ರಶ್ನೆ ಇರುವುದು ಆ ಚಾಲಕನ ಪ್ರೇಮದ ಬಗ್ಗೆ. ಚಿತ್ರ ಅವನಿಗೆ ಒಬ್ಬ ಪ್ರೇಯಸಿಯನ್ನೂ ಕೊಡುತ್ತದೆ. ಆಕೆ ಯಾರು? ಬಯೋಸ್ಕೋಪಿನ ಪೆಟ್ಟಿಗೆ ತೋರಿಸಿ ಹೊಟ್ಟೆ ಹೊರೆಯುವ ಹುಡುಗಿ, ಮುಮ್ತಾಜ್ ಮಾಡಿದ ಪಾತ್ರ. ಅವಳ ಹಿಂದೆ ‘ಮನೆತನ ಎಂಥದು, ಹುಡುಗ ಎಂಥವನು’ ಎಂದು ವಿಚಾರಿಸುವ ಬಂಧುಬಳಗವಿಲ್ಲ. ಕಥೆಗಾರ ಅಪರಾಧಿಗೆ ಕ್ಷಮೆ ಕೊಡಿಸಿದ, ಜೊತೆಯನ್ನೂ ಕೊಡಿಸಿದ. ಆದರೆ ವಿಚಾರಣೆ ಮಾಡುವ ಮನೆಯೊಂದರ ಬಾಗಿಲಿಗೆ ಅವನನ್ನು ಕರೆದೊಯ್ಯುವ ಧೈರ್ಯ ಮಾಡಲಿಲ್ಲ. ನಿಜವಾದ ಕಷ್ಟ ಇದ್ದದ್ದು ಆ ಬಾಗಿಲಿನಲ್ಲಿ.

ಆ ಬಾಗಿಲು ಹೇಗಿರುತ್ತದೆ ಎಂಬುದನ್ನು ನಮ್ಮೂರಿನವರು ಬಲ್ಲರು. ಬಸವಕಲ್ಯಾಣ ಶರಣರ ಊರಾದಂತೆ ಲಾರಿಗಳ ಊರೂ ಹೌದು. ಹೈದರಾಬಾದ್-ಪುಣೆ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾದ ಹತ್ತಿರ ನಿಂತರೆ ನಮ್ಮವರ ಲಾರಿಗಳು ಸಾಲಾಗಿ ಹೋಗುವುದು ಕಾಣುತ್ತದೆ. ಚಾಲಕರು, ಕ್ಲೀನರುಗಳು, ಮೆಕ್ಯಾನಿಕ್ಕರು ಇಲ್ಲಿ ಓಣಿ ಓಣಿಗೆ ಇದ್ದಾರೆ. ದಾರಿಯ ಮೇಲೆ ಬದುಕುವವರಿಗೆ ಅಪಘಾತ ತಪ್ಪಿದ್ದಲ್ಲ. ನಿರ್ಲಕ್ಷ್ಯದಿಂದ ಸಾವು ತಂದ ಆರೋಪಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮು ಎರಡು ವರ್ಷದವರೆಗಿನ ಸಜೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದ ಮೇಲೆ ಅದು ಐದು ವರ್ಷದವರೆಗೆ ಏರಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಇಂಥ ಒಂದು ಕೇಸಿನಲ್ಲಿ ಕೆಲವು ತಿಂಗಳು ಜೈಲಿನಲ್ಲಿದ್ದು ಬಂದವರು. ಹುಡುಗಿ ಡಿ.ಎಡ್. ಮುಗಿಸಿದ್ದಳು. ಹುಮನಾಬಾದಿನ ಒಂದು ಮನೆಯಿಂದ ಕನ್ಯೆ ನೋಡಲು ಬಂದರು, ಒಪ್ಪಿದರು, ಕುಂಕುಮ ಹಚ್ಚುವ ದಿನವನ್ನೂ ಗೊತ್ತುಮಾಡಿದರು. ಆಮೇಲೆ ಯಾರೋ ಕಿವಿಗೆ ಹಾಕಿದರು. ಮಾತುಕತೆಗೆ ನಾನೇ ಹೋದಾಗ ಹುಡುಗನ ತಾಯಿ ಬಹಳ ಮರ್ಯಾದೆಯಿಂದ ಚಹಾ ಕೊಟ್ಟು ಹೇಳಿದರು: ‘ಹುಡುಗಿ ಬಂಗಾರದಂಥಾಕಿ ಇದ್ದಾಳ್ರಿ ಅಕ್ಕೋರೆ. ಖರೆ ಮನಿತನ ನೋಡಬೇಕಲ್ಲ? ಜೇಲಿಗೆ ಹೋಗಿ ಬಂದವನ ಮಗಳು ಅಂತ ನಾಳಿ ನಾಲ್ಕು ಮಂದಿ ಆಡಕೋತಾರ.’

ಇದಾಗಿ ವರ್ಷ ತುಂಬಿರಲಿಲ್ಲ. ಇನ್ನೊಂದು ಓಣಿಯ ಇನ್ನೊಂದು ಹುಡುಗಿಗೆ ಗಂಡು ನಿಶ್ಚಯವಾಯಿತು. ಹುಡುಗನ ಮೇಲೆ ಹೊಡೆದಾಟದ ಎರಡು ಕೇಸುಗಳಿದ್ದವು, ಒಂದರಲ್ಲಿ ಒಬ್ಬನ ಕೈ ಮುರಿದಿತ್ತು. ಇದು ಹುಡುಗಿಯ ತಂದೆಗೆ ಗೊತ್ತಿತ್ತು, ಸೋದರಮಾವನಿಗೆ ಗೊತ್ತಿತ್ತು, ಮಧ್ಯಸ್ಥಿಕೆಯವರಿಗಂತೂ ಗೊತ್ತೇ ಇತ್ತು. ಹುಡುಗಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಮಾತು ತೆಗೆದಾಗ ಮಧ್ಯಸ್ಥರು ನಕ್ಕರು. ‘ಗಂಡಸು ಅಂದ ಮ್ಯಾಲ ಒಂದು ಎರಡು ಇರತಾವ್ರಿ. ಲಗ್ನ ಆತು ಅಂದ್ರ ತಾನೇ ದಾರಿಗೆ ಬರತಾನ. ಹುಡುಗಿಗಿ ಹೇಳಿ ಯಾಕ ಸುಮ್ನ ಅಂಜಿಸೋದು?’

ಒಂದು ಕಡೆ ತಂದೆಯ ಅಪಘಾತ ಮಗಳ ಅಪರಾಧವಾಯಿತು. ಇನ್ನೊಂದು ಕಡೆ ವರನ ಸ್ವಂತ ಹೊಡೆತ ಅವನ ಗಂಡಸುತನದ ಲಕ್ಷಣವಾಯಿತು. ಒಂದು ತಾಸಿನ ಬಸ್ಸಿನ ದಾರಿಯಲ್ಲಿರುವ ಎರಡು ಊರುಗಳಲ್ಲಿ ಎರಡು ತಕ್ಕಡಿಗಳು. ಇವೆರಡಕ್ಕೂ ಸಮಾನವಾದದ್ದು ಒಂದೇ. ಯಾವ ಮನೆಯಲ್ಲಿಯೂ ಹುಡುಗಿಯನ್ನು ಕೂಡಿಸಿಕೊಂಡು ಯಾರೂ ಮಾತನಾಡಲಿಲ್ಲ. ‘ದುಶ್ಮನ್’ ಚಿತ್ರ ತಪ್ಪಿಸಿಕೊಂಡು ಹೋದದ್ದು ಇಂಥ ಮಾತುಕತೆಯಿಂದ.

ತಂದೆಯ ಹೆಸರು ಮಗಳಿಗೆ ಅಂಟುವುದು ಬರೀ ಜನರ ಬಾಯಿಚಪಲವೆಂದು ತಿಳಿಯಬೇಡಿ. ಒಂದು ಕಾಲಕ್ಕೆ ಅದು ಸರ್ಕಾರದ ಕಾಯಿದೆಯೇ ಆಗಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದರು. ದೇಶದಾದ್ಯಂತ ಅದು ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ. ನಮ್ಮ ಗಡಿಯಾಚೆಯ ಲಾತೂರು ಜಿಲ್ಲೆಯ ಧನೇಗಾಂವದಲ್ಲಿ ಇಂಥ ಒಂದು ಸಮುದಾಯದಲ್ಲಿ ಹುಟ್ಟಿದ ಲಕ್ಷ್ಮಣ ಗಾಯಕವಾಡರು 1987ರಲ್ಲಿ ‘ಉಚಲ್ಯಾ’ ಎಂಬ ಆತ್ಮಕಥೆ ಬರೆದರು. ಮರುವರ್ಷವೇ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರಾಠಿ ಬಲ್ಲ ನಮ್ಮ ಬೀದರ ಜಿಲ್ಲೆಯವರಿಗೆ ಆ ಪುಸ್ತಕ ಪಕ್ಕದ ಓಣಿಯ ಮಾತಿನಂತೆ ಕೇಳಿಸುತ್ತದೆ.

‘ಉಚಲ್ಯಾ’ ನನಗೆ ಹಿಡಿಸಿದ್ದು ಅದು ಕ್ಷಮೆ ಬೇಡುವುದಿಲ್ಲ ಎಂಬುದಕ್ಕೆ. ಹುಟ್ಟಿದವನು ಕಳ್ಳನೆಂದು ಮೊದಲೇ ಬರೆದಿಟ್ಟರೆ ಅವನಿಗೆ ಕೂಲಿ ಕೊಡುವವರು ಯಾರು? ಕೂಲಿ ಸಿಗದಿದ್ದರೆ ಹೊಟ್ಟೆಗೆ ದಾರಿ ಯಾವುದು? ಮನೆಯಲ್ಲಿ ಮೊದಲ ಹುಡುಗ ಶಾಲೆಗೆ ಹೋದಾಗ ಕೇರಿಯ ಮಕ್ಕಳಿಗೆ ಬೇನೆ ಬಂದದ್ದು ಅವನ ಓದಿನಿಂದಲೇ ಎಂದು ಅವರವರೇ ಹೆದರಿದರಂತೆ. ಹಣೆಪಟ್ಟಿ ಒಳಗಿನವರ ಮನಸ್ಸನ್ನೂ ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಕಾಯಿದೆ 1952ರಲ್ಲಿ ಹೋಯಿತು. ‘ಜೇಲಿಗೆ ಹೋಗಿ ಬಂದವನ ಮಗಳು’ ಎಂಬ ಮಾತಿನಲ್ಲಿ ಅದು ಇನ್ನೂ ನಮ್ಮ ಚಹಾದ ಬಸಿಯ ಪಕ್ಕದಲ್ಲಿ ಕೂತಿದೆ. ಆದರೆ ನನ್ನ ಅಳತೆಗೋಲಿಗೆ ‘ಉಚಲ್ಯಾ’ ಕೂಡ ಅರ್ಧ ಉತ್ತರವನ್ನೇ ಕೊಡುತ್ತದೆ. ಅದು ಗಂಡುಮಗನೊಬ್ಬನ ಕಥೆ. ಹಣೆಪಟ್ಟಿ ಹೊತ್ತ ಹೆಣ್ಣುಮಗಳು ತಾನೇ ಬರೆದಿದ್ದರೆ ಏನು ಹೇಳುತ್ತಿದ್ದಳೋ ಎಂಬ ಆಸೆ ಓದಿ ಮುಗಿಸಿದ ಮೇಲೆ ಉಳಿಯುತ್ತದೆ.

ಇನ್ನು ನಮ್ಮ ಕಲ್ಯಾಣದ ಕಥೆಯನ್ನು ಬಿಟ್ಟು ಈ ವಿಷಯ ಮಾತನಾಡುವುದು ಸಾಧ್ಯವಿಲ್ಲ. ಏಕೆಂದರೆ ಇಲ್ಲಿ ಮದುವೆಯೇ ಅಪರಾಧವಾಗಿತ್ತು. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ಲಗ್ನವಾಯಿತೆಂದೂ, ಅದಕ್ಕಾಗಿ ಬಿಜ್ಜಳನ ಆಳಿಕೆಯಲ್ಲಿ ಆ ಇಬ್ಬರು ಹಿರಿಯರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದೂ, ಕಲ್ಯಾಣ ಹೊತ್ತಿ ಉರಿಯಿತೆಂದೂ ಪರಂಪರೆ ಹೇಳುತ್ತದೆ. ಹರಳಯ್ಯನವರ ಗವಿಗೆ ಈಗಲೂ ಜನ ಬಂದು ಕೈಮುಗಿಯುತ್ತಾರೆ. ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಂದಿನ ದಫ್ತರದಲ್ಲಿ ಅಪರಾಧಿಗಳಾಗಿದ್ದವರು ಇಂದು ನಮಗೆ ಶರಣರು. ಅಪರಾಧವೆಂಬುದು ದಫ್ತರ ಬರೆಯುವವನ ಕೈಯನ್ನೂ ಅವಲಂಬಿಸಿರುತ್ತದೆ ಎಂಬ ಪಾಠಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಗಿರೀಶ ಕಾರ್ನಾಡರ ‘ತಲೆದಂಡ’ ಈ ಘಟನೆಯನ್ನು ಆಧರಿಸಿದ ನಾಟಕ. 1990ರಲ್ಲಿ ಪ್ರಕಟವಾಯಿತು, 1994ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ರಾಜಕಾರಣ, ಧರ್ಮ, ಜಾತಿ ಮೂರೂ ಒಂದಕ್ಕೊಂದು ಹೆಣೆದುಕೊಳ್ಳುವ ರೀತಿಯಲ್ಲಿ ಅದು ದೊಡ್ಡ ನಾಟಕವೇ. ಬಿಜ್ಜಳನ ಸಂಕಟ, ಬಸವಣ್ಣನವರ ಒಂಟಿತನ, ಸೋವಿದೇವನ ಹಗೆ ಇವೆಲ್ಲ ಮನಸ್ಸಿನಲ್ಲಿ ನಿಲ್ಲುತ್ತವೆ. ಆದರೆ ಮದುಮಗಳು? ಜನರ ಬಾಯಲ್ಲಿ ಆಕೆ ಲಾವಣ್ಯ, ಕಾರ್ನಾಡರಲ್ಲಿ ಕಲಾವತಿ. ಒಂದು ಸಾಮ್ರಾಜ್ಯವನ್ನೇ ಅಲುಗಿಸಿದ ಮದುವೆಯ ಹೆಣ್ಣಿಗೆ ಹೆಸರೂ ಒಂದೇ ಕಡೆ ನಿಲ್ಲಲಿಲ್ಲ. ಆ ಲಗ್ನಕ್ಕೆ ಹಿರಿಯರು ಒಪ್ಪಿದರು, ಶರಣರು ಹರಸಿದರು, ವಿರೋಧಿಗಳು ಕೆರಳಿದರು. ಅವಳು ಒಪ್ಪಿದ್ದಳೇ, ಬರುವ ಗಂಡಾಂತರ ಅವಳಿಗೆ ತಿಳಿದಿತ್ತೇ, ತಂದೆಯ ಮತ್ತು ಮಾವನ ಮರಣದಂಡನೆಯ ನಂತರ ‘ಆ ಮದುವೆಯವಳು’ ಎಂಬ ಹೆಸರು ಹೊತ್ತು ಯಾವ ಊರಿನಲ್ಲಿ ಹೇಗೆ ಬದುಕಿದಳು? ನಮ್ಮೂರಿನ ಉತ್ಸವಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ, ಈ ಪ್ರಶ್ನೆ ಎತ್ತಿದವರನ್ನು ಕಂಡಿಲ್ಲ. ಇದು ಕಾರ್ನಾಡರೊಬ್ಬರ ಕೊರತೆಯಲ್ಲ. ಹಿರಿಯರ ತಲೆದಂಡದ ಮುಂದೆ ಹುಡುಗಿಯ ಬದುಕು ಸಣ್ಣದೆಂದು ನಮ್ಮ ಇಡೀ ಪರಂಪರೆ ತಿಳಿದಂತಿದೆ. ಅಕ್ಕಮಹಾದೇವಿ ಅನುಭವ ಮಂಟಪದಲ್ಲಿ ಎದ್ದು ನಿಂತು ಪ್ರಶ್ನೆಗೆ ಉತ್ತರ ಕೊಟ್ಟಳೆಂದು ಹೆಮ್ಮೆ ಪಡುವ ಊರಿನಲ್ಲಿ ಈ ಮೌನ ನನಗೆ ಹೆಚ್ಚು ಚುಚ್ಚುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಡಿನ ಅಥವಾ ತಂದೆಯ ಹೆಸರು ಹೆಣ್ಣಿಗೆ ಅಂಟಿದ್ದು. ಹೆಣ್ಣೇ ಅಪರಾಧ ಮಾಡಿ ಜೈಲು ಕಂಡಿದ್ದರೆ? ಜೈಲಿನಿಂದ ಬಂದ ಗಂಡಸಿಗೆ ಲಗ್ನವಾದದ್ದನ್ನು ನಮ್ಮ ಎರಡೂ ಊರುಗಳಲ್ಲಿ ನಾನು ಕಂಡಿದ್ದೇನೆ, ಊಟವನ್ನೂ ಮಾಡಿ ಬಂದಿದ್ದೇನೆ. ಜೈಲಿನಿಂದ ಬಂದ ಹೆಂಗಸಿಗೆ ಲಗ್ನವಾದದ್ದನ್ನು ಕಂಡಿಲ್ಲ. ಆ ಪ್ರಶ್ನೆಯನ್ನು ಕೈಗೆತ್ತಿಕೊಂಡ ಕೃತಿಯೊಂದಿದೆ. ಬಿಮಲ್ ರಾಯ್ ಅವರ 1963ರ ಚಿತ್ರ ‘ಬಂದಿನಿ’. ಮೂಲ ಬಂಗಾಳಿಯ ಕಾದಂಬರಿ, ಬರೆದವರು ಜರಾಸಂಧ ಎಂಬ ಕಾವ್ಯನಾಮದ ಚಾರುಚಂದ್ರ ಚಕ್ರವರ್ತಿ. ಅವರು ಸ್ವತಃ ಜೈಲು ಅಧಿಕಾರಿಯಾಗಿದ್ದವರು. ಆದ್ದರಿಂದಲೇ ಏನೋ, ಚಿತ್ರದ ಜೈಲು ರಂಗಸಜ್ಜಿಕೆಯಂತೆ ಕಾಣದೆ ಕಾಳು ಬೀಸುವ, ಬೇನೆ ಬೀಳುವ, ಜಗಳವಾಡುವ ಹೆಂಗಸರ ಮನೆಯಂತೆ ಕಾಣುತ್ತದೆ.

ನೂತನ್ ಅಭಿನಯಿಸಿದ ಕಲ್ಯಾಣಿ ಹಳ್ಳಿಯ ಪೋಸ್ಟ್ ಮಾಸ್ತರರ ಮಗಳು. ಆಕೆಯನ್ನು ಹೆಂಡತಿಯೆಂದು ಊರ ಮುಂದೆ ಹೇಳಿ ಹೋದ ಕ್ರಾಂತಿಕಾರಿ ಬಿಕಾಶ್ ತಿರುಗಿ ಬರುವುದಿಲ್ಲ. ಊರಿನ ಮಾತಿಗೆ ತಂದೆ ಬಾಗುವುದನ್ನು ನೋಡಲಾರದೆ ಅವಳು ಪಟ್ಟಣಕ್ಕೆ ಹೋಗಿ ಆಸ್ಪತ್ರೆಯಲ್ಲಿ ಆಯಾ ಆಗುತ್ತಾಳೆ. ತಾನು ಸೇವೆ ಮಾಡುತ್ತಿರುವ, ಮಾತುಮಾತಿಗೆ ಅವಮಾನಿಸುವ ರೋಗಿಯೇ ಬಿಕಾಶನ ಹೆಂಡತಿ ಎಂದು ತಿಳಿಯುತ್ತದೆ. ಅದೇ ಹೊತ್ತಿಗೆ, ಹುಡುಕಿಕೊಂಡು ಬಂದ ತಂದೆಯ ಸಾವು. ಕಲ್ಯಾಣಿ ಆ ಹೆಂಗಸಿಗೆ ವಿಷ ಹಾಕುತ್ತಾಳೆ, ತಾನೇ ಒಪ್ಪಿಕೊಳ್ಳುತ್ತಾಳೆ. ಜೈಲಿನ ತರುಣ ವೈದ್ಯ ದೇವೇನ್ ಅವಳನ್ನು ಮೆಚ್ಚಿ ಮದುವೆಯಾಗಬೇಕೆಂದಾಗ ಬೇಡವೆನ್ನುತ್ತಾಳೆ. ತನ್ನ ಕಥೆಯನ್ನು ತಾನೇ ಬರೆದು ಜೈಲರನ ಕೈಗೆ ಕೊಡುತ್ತಾಳೆ.

ಈ ಬರೆದುಕೊಡುವ ಕೆಲಸವನ್ನು ನಾನು ಚಿತ್ರದ ಜೀವಾಳವೆನ್ನುತ್ತೇನೆ. ಪೊಲೀಸರ ದಫ್ತರದಲ್ಲಿ ಅವಳು ಕೊಲೆಗಾತಿ. ಹಳ್ಳಿಯವರ ಬಾಯಲ್ಲಿ ಕೆಟ್ಟವಳು. ದೇವೇನನ ಕಣ್ಣಿನಲ್ಲಿ ದೇವತೆ. ಮೂರೂ ಬೇರೆಯವರು ಬರೆದದ್ದು. ಅವಳು ನಾಲ್ಕನೆಯದನ್ನು ತನ್ನ ಕೈಯಾರೆ ಬರೆಯುತ್ತಾಳೆ. ತಾನು ಕೊಂದದ್ದನ್ನು ಮುಚ್ಚುವುದಿಲ್ಲ, ಸಣ್ಣದು ಮಾಡುವುದಿಲ್ಲ. ಓದುವವರು ಓದಿ ಆಮೇಲೆ ಬೇಕಾದರೆ ಪ್ರೀತಿಸಲಿ ಎನ್ನುವ ನಿಷ್ಠುರ ಅದರಲ್ಲಿದೆ. ಅವಳ ಹಿಂದಿನದೆಲ್ಲ ಗೊತ್ತಾದ ಮೇಲೂ ದೇವೇನನ ಬಾಗಿಲು ಅವಳಿಗೆ ಮುಚ್ಚುವುದಿಲ್ಲ. ಗೊತ್ತಿದ್ದು ಒಪ್ಪಿದ ಗಂಡು ಹಿಂದಿ ಚಿತ್ರಗಳಲ್ಲಿ ಎಷ್ಟು ಜನರಿದ್ದಾರೆ ಹೇಳಿ!

ಕೊನೆಗೆ ಕಲ್ಯಾಣಿ ಅವನ ಬಳಿಗೆ ಹೋಗುವುದಿಲ್ಲ. ಬಿಡುಗಡೆಯಾಗಿ ಅಲ್ಲಿಗೆ ಹೊರಟ ದಾರಿಯಲ್ಲಿ, ಸ್ಟೀಮರು ಕಟ್ಟೆಯ ಹತ್ತಿರ, ಕ್ಷಯದಿಂದ ಸಾಯುತ್ತಿರುವ ಬಿಕಾಶ್ ಸಿಗುತ್ತಾನೆ. ಆಕೆ ಓಡಿ ಹೋಗಿ ಅವನ ಸ್ಟೀಮರು ಹತ್ತುತ್ತಾಳೆ. ಇದನ್ನು ಪ್ರೇಮದ ಗೆಲುವೆಂದು ಹೊಗಳಿದವರು ಬಹಳ ಜನ. ನನಗೆ ಎರಡು ಮನಸ್ಸು. ಒಂದು ಮನಸ್ಸು ಹೇಳುತ್ತದೆ, ಆಯ್ಕೆ ಅವಳದು, ಯಾರೂ ದೂಡಲಿಲ್ಲ, ಅದನ್ನು ಗೌರವಿಸಬೇಕು. ಇನ್ನೊಂದು ಮನಸ್ಸು ಕೇಳುತ್ತದೆ, ಕೊಲೆ ಮಾಡಿ ಬಂದ ಹೆಣ್ಣನ್ನು ಒಂದು ಒಳ್ಳೆಯ ಮನೆಯ ಹೊಸ್ತಿಲು ದಾಟಿಸಿ, ಅಲ್ಲಿ ಸಂಸಾರ ಮಾಡುತ್ತ ಮುದುಕಿಯಾಗುವುದನ್ನು ತೋರಿಸಲು ಕಥೆ ಹೆದರಿತೇ? ಸಾಯುವ ಗಂಡಸಿನ ಸೇವೆಗೆ ಕಳಿಸಿಬಿಟ್ಟರೆ ಅವಳ ಪಾಪವೂ ತೊಳೆದಂತೆ, ಪ್ರೇಕ್ಷಕರ ಮನೆತನವೂ ಉಳಿದಂತೆ. ಸರ್ಕಾರ ಬಿಟ್ಟರೂ ಕಥೆ ಅವಳಿಗೆ ಇನ್ನೊಂದು ಸಜೆ ಹಾಕಿತು ಎಂದೇ ನನ್ನ ತೀರ್ಮಾನ. ನೂತನ್ ಅವರ ಮುಖ ಅದನ್ನು ಆಯ್ಕೆಯೆಂದು ನಂಬಿಸುತ್ತದೆ. ಅದು ಆ ನಟಿಯ ದೊಡ್ಡತನ.

ಕನ್ನಡದ ಹೆಣ್ಣುಮಕ್ಕಳಿಗೆ ಇಲ್ಲಿ ‘ಶರಪಂಜರ’ ನೆನಪಾಗದೆ ಇರದು. ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರ. ಕಾವೇರಿ ಹೋಗಿಬಂದದ್ದು ಮಾನಸಿಕ ಆಸ್ಪತ್ರೆಗೆ, ಜೈಲಿಗಲ್ಲ. ಅವಳು ಮಾಡಿದ ಅಪರಾಧವೂ ಇಲ್ಲ. ಆದರೂ ಗುಣವಾಗಿ ಬಂದವಳನ್ನು ಮನೆಯವರು, ನೆರೆಯವರು ಮತ್ತೆ ಮತ್ತೆ ಹಳೆಯ ಹೆಸರಿನಿಂದಲೇ ನೋಡಿ ನೋಡಿ ತಿರುಗಿ ಅಲ್ಲಿಗೇ ಕಳಿಸುತ್ತಾರೆ. ‘ಒಳಗೆ’ ಇದ್ದು ಬಂದ ಹೆಣ್ಣಿಗೆ ಹೊರಗೆ ಜಾಗವಿಲ್ಲ ಎಂಬುದನ್ನು ತ್ರಿವೇಣಿಯವರು ಅಲಂಕಾರವಿಲ್ಲದೆ ಹೇಳಿದರು.

ಇನ್ನು ನಾನು ಓದಿದ ಕಥೆಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರಿಕೆಗಳಲ್ಲಿ ಬಂದ ಒಂದು ನ್ಯಾಯಾಲಯದ ಆದೇಶ. 2023ರ ಏಪ್ರಿಲ್ ತಿಂಗಳದ್ದು. ಕೊಲೆ ಪ್ರಕರಣದಲ್ಲಿ ಹತ್ತು ವರ್ಷಗಳ ಸಜೆ ಅನುಭವಿಸುತ್ತ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದ ಒಬ್ಬನನ್ನು ಮದುವೆಗಾಗಿ ಪೆರೋಲ್ ಮೇಲೆ ಬಿಡಬೇಕೆಂದು ಇಬ್ಬರು ಹೆಂಗಸರು ಕರ್ನಾಟಕ ಹೈಕೋರ್ಟಿಗೆ ಹೋದರು. ಒಬ್ಬಾಕೆ ಅವನ ತಾಯಿ, ಇನ್ನೊಬ್ಬಾಕೆ ಅವನನ್ನು ಪ್ರೀತಿಸಿದವಳು. ಮನೆಯವರು ಬೇರೆ ಕಡೆ ಲಗ್ನ ಮಾಡಿಬಿಡುತ್ತಾರೆಂದು ಆಕೆಯ ಅಳಲು. ಜೈಲಿನ ನಿಯಮದಲ್ಲಿ ಸ್ವಂತ ಮದುವೆಗೆ ಪೆರೋಲ್ ಕೊಡುವ ಅವಕಾಶವಿಲ್ಲ, ಬೇರೆಯವರ ಮದುವೆಗೆ ಹೋಗುವುದಾದರೆ ಬೇರೆ ಮಾತು ಎಂಬುದು ಸರ್ಕಾರದ ವಾದ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಅಸಾಧಾರಣ ಸಂದರ್ಭದಲ್ಲಿ ಪೆರೋಲ್ ಕೊಡಲು ನಿಯಮದಲ್ಲಿಯೇ ಅವಕಾಶವಿದೆಯೆಂದು ಹದಿನೈದು ದಿನ ಬಿಡುವಂತೆ ಆದೇಶಿಸಿದರು.

ಆ ಸುದ್ದಿ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆಯಾಯಿತು. ‘ಕೊಲೆಗಾರನಿಗೆ ಲಗ್ನದ ಸಂಭ್ರಮ ಬೇರೆ’ ಎಂದವರಿದ್ದರು. ಸತ್ತವನ ಮನೆಯವರ ದುಃಖವನ್ನು ನೆನೆದು ಹಾಗೆ ಹೇಳಿದ್ದರೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಎಲ್ಲರೂ ಅವನ ಬಗ್ಗೆಯೇ ಮಾತನಾಡಿದರು. ನನ್ನ ಗಮನ ಆ ಹೆಣ್ಣಿನ ಮೇಲಿತ್ತು. ಅವಳಿಗೆ ಎಲ್ಲವೂ ಗೊತ್ತಿತ್ತು. ಅವನ ಅಪರಾಧ, ಸಜೆ, ಇನ್ನೂ ಉಳಿದ ವರ್ಷಗಳು ಎಲ್ಲವೂ. ಗೊತ್ತಿದ್ದು, ತನ್ನ ಹೆಸರು ಹಾಕಿ ಅರ್ಜಿ ಕೊಟ್ಟಳು. ಅವಳ ಆಯ್ಕೆ ಸರಿಯೋ ತಪ್ಪೋ ನಾನು ಹೇಳಲಾರೆ. ನನ್ನ ಮಗಳಾಗಿದ್ದರೆ ನಾಲ್ಕು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಆದರೂ ಗಾದೆಯ ಹೆಂಡತಿಗೆ, ಕಲ್ಯಾಣದ ಮದುಮಗಳಿಗೆ, ನಮ್ಮ ಓಣಿಯ ಹುಡುಗಿಗೆ ಇಲ್ಲದ ಒಂದು ಅವಳಿಗೆ ಇತ್ತು. ಅವಳ ಮಾತನ್ನು ಒಬ್ಬರು ಕೂತು ಕೇಳಿದರು, ಬರೆದುಕೊಂಡರು.

ಕಾನೂನಿನ ಮಾತು ಬಂದದ್ದರಿಂದ ಓದುಗ ಗೆಳತಿಯರಿಗೆ ಉಪಯೋಗವಾದೀತೆಂದು ಎರಡು ಸಂಗತಿ ಹೇಳಿಬಿಡುತ್ತೇನೆ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಜೈಲು ಕಂಡವರು ಮದುವೆಯಾಗಬಾರದೆಂದು ಎಲ್ಲಿಯೂ ಇಲ್ಲ. ಶಿಕ್ಷೆ ಮುಗಿಸಿ ಬಂದವನಿಗೂ ಬಂದವಳಿಗೂ ಸಂಸಾರದ ಹಕ್ಕು ಇದ್ದೇ ಇದೆ. ಆದರೆ ಅದೇ ಕಾಯಿದೆಯ 12ನೆಯ ಕಲಮು, ಮುಖ್ಯವಾದ ಸಂಗತಿಯೊಂದರಲ್ಲಿ ಮೋಸಮಾಡಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದುಪಡಿಸಲು ಕೇಳಬಹುದೆನ್ನುತ್ತದೆ. ಮೋಸ ತಿಳಿದ ಒಂದು ವರ್ಷದೊಳಗೆ ಕೇಳಬೇಕು, ತಿಳಿದ ಮೇಲೆ ಒಪ್ಪಿ ಕೂಡಿ ಬಾಳಿದ್ದರೆ ಆಗದು. ಗಂಡನಿಗೆ ಏಳು ವರ್ಷ ಅಥವಾ ಹೆಚ್ಚಿನ ಸಜೆ ಅಂತಿಮವಾಗಿ ಖಾಯಂ ಆದರೆ ಮುಸ್ಲಿಂ ಹೆಂಡತಿ ಬಿಡುಗಡೆ ಕೇಳಬಹುದೆಂದು 1939ರ ಕಾಯಿದೆ ಹೇಳುತ್ತದೆ. ಅಂದರೆ ಕಾನೂನು ಜೈಲು ಕಂಡವನಿಗೆ ಬಾಗಿಲು ಮುಚ್ಚಿಲ್ಲ. ಮುಚ್ಚುಮರೆಗೆ ಮಾತ್ರ ಅದು ಒಪ್ಪುವುದಿಲ್ಲ. ಈ ವಿವೇಕದಲ್ಲಿ ಅದು ನಮ್ಮ ಗಾದೆಗಿಂತ ಮುಂದಿದೆ.

ಕೇಸು ಬೇರೆ, ಶಿಕ್ಷೆ ಬೇರೆ ಎಂಬುದನ್ನೂ ನೆನಪಿಡಬೇಕು. 2022ರ ಲೆಕ್ಕದಂತೆ ನಮ್ಮ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವ್ಯಾಜ್ಯ ಇನ್ನೂ ತೀರದವರು, ಅಪರಾಧ ಸಿದ್ಧವಾಗದವರು. ಈಗ ಕೋರ್ಟಿನ ಕೇಸುಗಳನ್ನು ಹೆಸರು ಹಾಕಿ ಮೊಬೈಲಿನಲ್ಲಿಯೇ ಹುಡುಕಬಹುದು. ಹೆಣ್ಣಿನ ಕಡೆಯವರಿಗೆ ಅದು ಅನುಕೂಲವೇ. ಆದರೆ ನಿರ್ದೋಷಿಯೆಂದು ಬಿಟ್ಟವನ ಹೆಸರೂ ಅಲ್ಲಿ ಕಾಣುತ್ತದೆ, ಜಮೀನಿನ ಜಗಳದಲ್ಲಿ ದಾಯಾದಿಗಳು ಸಿಕ್ಕಿಸಿದವನ ಹೆಸರೂ ಕಾಣುತ್ತದೆ. ಹೆಸರು ಕಂಡ ಕೂಡಲೇ ಸಂಬಂಧ ಮುರಿಯುವವರು, ಕಂಡರೂ ಕಾಣದಂತೆ ಹುಡುಗಿಯನ್ನು ಧಾರೆ ಎರೆಯುವವರು, ಇಬ್ಬರೂ ಪೂರ್ತಿ ಓದದವರೇ. ಯಾವ ಕೇಸು, ಯಾಕೆ ಆಯಿತು, ಏನಾಯಿತು, ಯಾರ ಮೇಲೆ ಕೈ ಎತ್ತಿದ್ದ ಎಂದು ಕೇಳಬೇಕು. ದುಡಿಯುವಾಗ ಆದ ಅಪಘಾತಕ್ಕೂ ಹೆಂಗಸರ ಮೇಲೆ ಕೈ ಮಾಡಿದ ಚಾಳಿಗೂ ಅಂತರವಿದೆ. ‘ಲಗ್ನವಾದರೆ ದಾರಿಗೆ ಬರುತ್ತಾನೆ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಸುಧಾರಣೆಯ ಕೆಲಸಕ್ಕೆ ಸರ್ಕಾರ ಸಂಬಳ ಕೊಟ್ಟು ಅಧಿಕಾರಿಗಳನ್ನು ಇಟ್ಟಿದೆ. ಅದನ್ನು ಇಪ್ಪತ್ತು ವರ್ಷದ ಹುಡುಗಿಯ ಸೆರಗಿಗೆ ಕಟ್ಟುವುದು ಅನ್ಯಾಯ.

ಲಾರಿ ಚಾಲಕರ ಮಗಳು ಈಗ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಇನ್ನೂ ಲಗ್ನವಾಗಿಲ್ಲ. ಕಳೆದ ಬೇಸಿಗೆಯಲ್ಲಿ ಇನ್ನೊಂದು ಕಡೆಯಿಂದ ಕೇಳಿಕೊಂಡು ಬಂದಾಗ ಅವಳು ಮೊದಲ ದಿನವೇ, ಎಲ್ಲರ ಎದುರಿಗೆ, ತಂದೆಯ ಸಂಗತಿಯನ್ನು ತಾನೇ ಹೇಳಿದಳಂತೆ. ಹೇಳಿ, ‘ನಿಮ್ಮ ಮನಿಯಾಗ ಏನರೆ ಅದ ಅಂದ್ರ ನೀವೂ ಈಗೇ ಹೇಳ್ರಿ’ ಎಂದಳಂತೆ. ಬಂದವರು ವಿಚಾರ ಮಾಡಿ ತಿಳಿಸುತ್ತೇವೆಂದು ಹೋಗಿದ್ದಾರೆ. ಅವರು ಏನು ತಿಳಿಸುತ್ತಾರೋ ಗೊತ್ತಿಲ್ಲ. ಅವಳ ತಾಯಿ ನನ್ನ ಬಳಿ ಬಂದು ಕಣ್ಣೀರು ಹಾಕಿದರು, ‘ಹಿಂಗ ಬಾಯಿ ಬಿಟ್ಟರ ಯಾರು ಮಾಡಕೋತಾರ್ರಿ ಅಕ್ಕೋರೆ?’ ಎಂದರು. ಬಾಯಿ ಬಿಡದೆ ಮಾಡಿಕೊಂಡವರ ಸಂಸಾರಗಳನ್ನು ನಾವಿಬ್ಬರೂ ನೋಡಿದ್ದೇವಲ್ಲ ಎಂದು ಅವರಿಗೆ ಹೇಳಿದೆ.